ಓದುಗರ ಪ್ರಶ್ನೆ: ಪ್ರಾರ್ಥನೆಗೆ ಉತ್ತರ ಸಿಕ್ಕಿದ್ಮೇಲೆ ನಂಗೆ ಜಂಬ ಬಂದ್ಬಿಡ್ತಾ?

ಪ್ರಶ್ನೆ: ಅಕ್ಕಾ, ಸ್ತೋತ್ರ. ಮದುವೆ ಆಗಿ 9 ವರ್ಷ ನಮಗೆ ಮಕ್ಕಳಿರ್ಲಿಲ್ಲ. ಟ್ರೀಟ್‌ಮೆಂಟ್ ತಗೊಂಡ್ವಿ, ಪ್ರತಿ ಶುಕ್ರವಾರ ಉಪವಾಸ ಇದ್ದು ಪ್ರೇಯರ್ ಮಾಡ್ದೆ, ಹೋದ ವರ್ಷ ದೇವ್ರು ಹೆಣ್ಣುಮಗು ಕೊಟ್ರು. ಚರ್ಚಲ್ಲಿ ಸಾಕ್ಷಿ ಹೇಳ್ದೆ, ಅಂದ್ರೆ ದೇವ್ರು ನಮಗೆ ಮಾಡಿದ್ದನ್ನ ಎಲ್ಲರ ಮುಂದೆ ಹೇಳ್ದೆ, ಈಗ ಎಲ್ಲರೂ ನನ್ನನ್ನ ಪ್ರೇಯರ್‌ಗೆ ಕರೀತಾರೆ. ಮಕ್ಕಳಾಗದ ಒಬ್ರು ಸಿಸ್ಟರ್‌ಗೆ "ನನ್ನ ತರ ಉಪವಾಸ ಮಾಡಿ ನೋಡಿ" ಅಂದೆ, ಅವತ್ತಿಂದ ಅವ್ರು ನನ್ನ ಪಕ್ಕ ಕೂರೋದೇ ಬಿಟ್ರು. ನಮ್ಮನೆಯವ್ರು "ನಿನ್ನ ಸಾಕ್ಷಿಲಿ ದೇವರಿಗಿಂತ ನೀನೇ ಜಾಸ್ತಿ" ಅಂತಾರೆ. ಸಾಕ್ಷಿ ಹೇಳೋದೇ ನಿಲ್ಲಿಸ್ಲಾ?
– ಹೆಸರು ಬೇಡ, ಹಾಸನ

ಉತ್ತರ: ತಂಗೀ, ಮೊದಲು ಮಗು ಸಿಕ್ಕಿದ್ದಕ್ಕೆ ದೇವರಿಗೆ ಸ್ತೋತ್ರ, ಓದ್ತಾ ನಂಗೂ ತುಂಬಾ ಖುಷಿ ಆಯ್ತು. ಸಾಕ್ಷಿ ನಿಲ್ಲಿಸ್ಬೇಡಿ. ಆದ್ರೆ ನಿಮ್ಮನೆಯವ್ರು ಹೇಳಿದ ಮಾತನ್ನ ತಳ್ಳಿಹಾಕ್ಬೇಡಿ, ಅಷ್ಟು ಹತ್ತಿರದಿಂದ ನಿಮ್ಮನ್ನ ನೋಡೋರು ಇನ್ಯಾರಿದ್ದಾರೆ.

ಬೈಬಲಲ್ಲಿ ಬರೋ ಯೆಹೂದದ ಹಿಜ್ಕೀಯ ರಾಜನ ಕಥೆ ನಿಮಗೆ ಗೊತ್ತಿರತ್ತೆ. ಸಾಯೋ ಕಾಯಿಲೆ ಬಂದಾಗ ಗೋಡೆ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥನೆ ಮಾಡ್ದ, ದೇವ್ರು 15 ವರ್ಷ ಆಯಸ್ಸು ಜಾಸ್ತಿ ಕೊಟ್ರು. ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ಬಿಡ್ತೀವಿ, ಮುಂದೆ ಏನಾಯ್ತು ಅನ್ನೋದೇ ನಿಮ್ಮ ಪ್ರಶ್ನೆಗೆ ಬೇಕಾಗಿರೋದು. ದೇಶದಲ್ಲಿ ನಡೆದ ಅದ್ಭುತದ ಬಗ್ಗೆ ವಿಚಾರಿಸೋಕೆ ಬಾಬೆಲಿಂದ ಜನ ಬಂದ್ರು ಅಂತ ಎರಡನೇ ಪೂರ್ವಕಾಲವೃತ್ತಾಂತ 32ರಲ್ಲಿದೆ. ಅವರು ಕೇಳೋಕೆ ಬಂದಿದ್ದು ದೇವ್ರು ಮಾಡಿದ್ದನ್ನ, ಇವನು ಕರ್ಕೊಂಡು ಹೋಗಿ ತೋರಿಸಿದ್ದು ತನ್ನ ಬೆಳ್ಳಿ, ಬಂಗಾರ, ಸುಗಂಧದ್ರವ್ಯ, ಆಯುಧದ ಮನೆ. ಆಮೇಲೆ ಪ್ರವಾದಿ ಯೆಶಾಯ ಬಂದು ಅವರು ಏನು ನೋಡಿದ್ರು ಅಂತ ಕೇಳಿದ್ರೆ ನನ್ನ ಮನೇಲಿರೋದೆಲ್ಲಾ ನೋಡಿದ್ರು ಅಂತಾನೆ, ಆ ಉತ್ತರದಲ್ಲಿ ದೇವರ ಹೆಸರೇ ಇಲ್ಲ! ನಿಮ್ಮನ್ನೂ ಜನ ಕೇಳೋಕೆ ಬರೋದು ದೇವ್ರು ಮಾಡಿದ್ದನ್ನ, ನೀವು ತೋರಿಸ್ತಿರೋದು ನಿಮ್ಮ ಶುಕ್ರವಾರದ ಉಪವಾಸನ ಅಂತ ಒಂದ್ಸಲ ನೋಡ್ಕೊಳ್ಳಿ. ಹಿಜ್ಕೀಯ ಆಮೇಲೆ ತಗ್ಗಿಸ್ಕೊಂಡ, ಅದನ್ನೂ ಅಲ್ಲೇ ಬರೆದಿದೆ, ಹಾಗಾಗಿ ಹೆದರ್ಕೋಬೇಡಿ.

ಇನ್ನೊಂದು. ಟ್ರೀಟ್‌ಮೆಂಟ್ ತಗೊಂಡಿದ್ದನ್ನ ನಿಮ್ಮ ಸಾಕ್ಷಿಲಿ ಹೇಳಿದ್ರಾ? ಹಿಜ್ಕೀಯನಿಗೆ ಗುಣ ಆಗತ್ತೆ ಅಂತ ದೇವರ ವಾಗ್ದಾನ ಸಿಕ್ಕಿದ್ಮೇಲೂ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸ್ದ. ಡಾಕ್ಟರು, ಇಂಜೆಕ್ಷನ್, ಅದಕ್ಕೆ ಖರ್ಚಾದ ದುಡ್ಡು ಎಲ್ಲಾ ಹೇಳಿ, ಇಲ್ಲಾಂದ್ರೆ ಕೇಳಿದವ್ರು ಬರೀ ಉಪವಾಸನೇ ಸಾಕು ಅಂದ್ಕೊಂಡು ಆಸ್ಪತ್ರೆಗೆ ಹೋಗೋದನ್ನ ಬಿಟ್ಬಿಡ್ತಾರೆ.

ಈಗ ಆ ಸಿಸ್ಟರ್ ವಿಷಯ, ನಂಗೆ ಜಾಸ್ತಿ ನೋವಾಗಿದ್ದು ಇಲ್ಲೇ. "ನನ್ನ ತರ ಮಾಡಿ ನೋಡಿ" ಅಂದಾಗ ಅವರಿಗೆ ಕೇಳಿಸಿದ್ದು "ನೀವು ಸರಿಯಾಗಿ ಪ್ರಾರ್ಥನೆ ಮಾಡಿಲ್ಲ" ಅಂತ. ನಮ್ಮಮ್ಮ ಕ್ಯಾನ್ಸರಿಂದ ಮಲಗಿದ್ದಾಗ ನಾನೂ ಊಟ ಬಿಟ್ಟು ಮೊಣಕಾಲೂರಿ ಬೇಡ್ಕೊಂಡಿದ್ದೆ, ಅಮ್ಮ ಉಳೀಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ಒಬ್ರು ಮನೆಗೆ ಬಂದು ನಿಮ್ಮ ನಂಬಿಕೆ ಎಲ್ಲೋ ಕಮ್ಮಿ ಆಯ್ತು ಅಂದ್ರು, ಎಷ್ಟೋ ವರ್ಷ ಆದ್ಮೇಲೂ ಆ ಮಾತು ಚುಚ್ಚತ್ತೆ. ಅಪೊಸ್ತಲ ಪೌಲ ಮೂರು ಸಲ ಬೇಡ್ಕೊಂಡ್ರೂ ಅವನ ಶರೀರದ ಮುಳ್ಳು, ಅಂದ್ರೆ ಅವನನ್ನ ಕಾಡ್ತಿದ್ದ ಬಾಧೆ, ಹೋಗ್ಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿದ್ರೂ ಅದನ್ನ, ಅಂದ್ರೆ ಶಿಲುಬೆಯ ಕಷ್ಟನ, ಕುಡೀಲೇಬೇಕಾಯ್ತು. ಅವರ ಪ್ರಾರ್ಥನೆಲಿ ಏನು ಕಮ್ಮಿ ಇತ್ತು ಹೇಳಿ?

ಒಂಬತ್ತು ವರ್ಷ ನೀವು, ಬೈಬಲಲ್ಲಿ ಮಕ್ಕಳಿಲ್ಲದೆ ಅತ್ತ ಹನ್ನಳ ಜಾಗದಲ್ಲಿದ್ರಿ ತಂಗೀ. ಅವಳ ಗಂಡನ ಇನ್ನೊಬ್ಬ ಹೆಂಡತಿ ಪೆನಿನ್ನಳಿಗೆ ಮಕ್ಕಳಿದ್ರು, ಅದನ್ನೇ ಇಟ್ಕೊಂಡು ಹನ್ನಳನ್ನ ಕೆಣಕಿ ಅಳಿಸ್ತಿದ್ಲು. ನೀವು ಬೇಕಂತ ಮಾಡಿಲ್ಲ, ಗೊತ್ತು, ಆದ್ರೂ ಆ ಸಿಸ್ಟರ್ ಪಾಲಿಗೆ ನೀವೀಗ ಪೆನಿನ್ನಳ ಜಾಗದಲ್ಲಿ ನಿಂತಿದೀರ. ಆಮೇಲೆ ಹುಟ್ಟಿದ ಮಗ ಸಮುವೇಲನ್ನ ಶಿಲೋದಲ್ಲಿದ್ದ ದೇವರ ಆಲಯಕ್ಕೆ ಕರ್ಕೊಂಡು ಹೋಗಿ ಒಪ್ಪಿಸಿದ್ಮೇಲೆ ಹನ್ನಳು ಮಾಡಿದ ಪ್ರಾರ್ಥನೆ ಒಂದನೇ ಸಮುವೇಲ 2ರಲ್ಲಿದೆ, ಇವತ್ತು ರಾತ್ರಿ ಮಗು ಮಲಗಿದ್ಮೇಲೆ ನಿಧಾನಕ್ಕೆ ಓದಿ. ಮಗನ ಹೆಸರು ಒಂದ್ಸಲನೂ ಬರಲ್ಲ, ತಾನು ಊಟ ಬಿಟ್ಟು ಅತ್ತಿದ್ದೂ ಬರಲ್ಲ, ಗರ್ವದಿಂದ ಮಾತಾಡ್ಬೇಡಿ ಅನ್ನೋದು ಮಾತ್ರ ಮೊದಲಲ್ಲೇ ಬರತ್ತೆ.

ಆಮೇಲೆ ಈ ವಾರನೇ ಆ ಸಿಸ್ಟರ್ ಮನೆಗೆ ಹೋಗಿ. ಮಗುನ ಅವತ್ತೊಂದಿನ ಅಜ್ಜಿ ಹತ್ರ ಬಿಟ್ಟು ಒಬ್ರೇ ಹೋಗಿ. ಬೈಬಲ್ ತೆಗೀಬೇಡಿ, ಪ್ರೇಯರ್ ಮಾಡೋಣ ಅಂತ ಶುರು ಮಾಡ್ಬೇಡಿ, ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು, ಕ್ಷಮಿಸಿ ಅನ್ನಿ. ಅವರು ಅತ್ರೆ ಅಳೋಕೆ ಬಿಡಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ.