ಬೆನ್ನುನೋವು: ಫೋನಿನಲ್ಲಿ ಎಷ್ಟು, ಎದುರಿಗೆ ಎಷ್ಟು?

ಪ್ರಶ್ನೆ: ಲಾಕ್‌ಡೌನ್ ಹೊತ್ತಿನಲ್ಲಿ ಬೆನ್ನುನೋವಿನವರನ್ನು ಫಿಸಿಯೋಥೆರಪಿಸ್ಟ್‌ಗಳು ಫೋನಿನಲ್ಲೇ ವಿಚಾರಿಸಿ, ಯಾರು ಆಸ್ಪತ್ರೆಗೆ ಹೋಗಬೇಕು, ಯಾರಿಗೆ ಮನೆಯಲ್ಲೇ ವ್ಯಾಯಾಮ ಸಾಕು ಎಂದು ಹೇಳುತ್ತಿದ್ದರು. ನಮ್ಮ ತೋಟದಿಂದ ಮಡಿಕೇರಿಗೆ ಹೋಗಿಬರಲು ಒಂದು ದಿನವೇ ಬೇಕು. ಈಗಲೂ ಫೋನನ್ನು ನಂಬಬಹುದೇ?
– ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೊದಲ ಸೋಸುವಿಕೆಗೆ ನಂಬಬಹುದು, ಕೊನೆಯ ತೀರ್ಮಾನಕ್ಕೆ ಬೇಡ. ಬೆನ್ನಿನ ತೊಂದರೆಯವರನ್ನು ಸರ್ಜನ್‌ಗಿಂತ ಮೊದಲು ಅನುಭವಿ ಫಿಸಿಯೋಥೆರಪಿಸ್ಟ್ ನೋಡಿ ವಿಂಗಡಿಸುವ ಪದ್ಧತಿ ಬ್ರಿಟನ್ನಿನಲ್ಲಿ ಕೊರೊನಾಕ್ಕಿಂತ ಮುಂಚೆಯೇ ಇತ್ತು. 2020ರಲ್ಲಿ ಅದರ ಬಹುಪಾಲು ಫೋನಿಗೂ ವಿಡಿಯೋಗೂ ಬಂತು. ಆಗ ಕೈತಪ್ಪಿದ್ದು ಮೂರು: ಸುತ್ತಿಗೆಯಿಂದ ತಟ್ಟಿ ನೋಡುವ ರಿಫ್ಲೆಕ್ಸ್, ಚರ್ಮದ ಸ್ಪರ್ಶಜ್ಞಾನ, ಎದುರು ಒತ್ತಿ ಅಳೆಯುವ ಸ್ನಾಯುಬಲ. ಹಾಗಾಗಿ ಎಲ್ಲ ಭಾರವೂ ಪ್ರಶ್ನೆಗಳ ಮೇಲೆ ಬಿತ್ತು.

ಮೊದಲ ಪ್ರಶ್ನೆ ನೋವಿನದ್ದಲ್ಲ, ಮೂತ್ರದ್ದು. ಮೂತ್ರ ಕಟ್ಟಿದೆಯೇ, ಗೊತ್ತಾಗದೆ ಸೋರುತ್ತಿದೆಯೇ? ತೊಳೆದುಕೊಳ್ಳುವಾಗ ನೀರು ತಾಗಿದ್ದು ತಿಳಿಯುತ್ತದೆಯೇ? ಮಲದ ಹಿಡಿತ ತಪ್ಪಿದೆಯೇ? ಎರಡೂ ಕಾಲಿಗೆ ನೋವೋ ಜೋಮೋ ಇಳಿದಿದೆಯೇ? ಇದರಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿದ್ದರೆ ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಡಕ್ಕೆ ಸಿಕ್ಕಿರಬಹುದು. ಆಗ ಲೆಕ್ಕ ಗಂಟೆಗಳದ್ದು. ಅದೇ ದಿನ ಎಂಆರ್‌ಐ ಆಗಬೇಕು. ತಡವಾದರೆ ಮೂತ್ರದ ಹಿಡಿತ ಮರಳಿ ಬಾರದೇ ಹೋಗಬಹುದು.

ಎಡವುವುದೂ ಇಲ್ಲೇ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಫೋನು ಮಗನದು, ಸ್ಪೀಕರ್ ಹಾಕಿದೆ, ಸುತ್ತ ನಾಲ್ಕು ಜನ. ಹೆಂಗಸರು ‘ಏನೂ ತೊಂದರೆ ಇಲ್ಲ ಸಾರ್’ ಎಂದುಬಿಡುತ್ತಾರೆ. ಆ ಪ್ರಶ್ನೆ ಬಂದಾಗ ಫೋನನ್ನು ರೋಗಿಯ ಕೈಗೇ ಕೊಟ್ಟು ಉಳಿದವರು ಹೊರಗೆ ಹೋಗಬೇಕು. ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ.

ಆಮೇಲೆ ಜ್ವರ, ಕಾರಣವಿಲ್ಲದೆ ತೂಕ ಇಳಿದದ್ದು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಇದ್ದದ್ದು, ಬಹುದಿನ ಸ್ಟೆರಾಯ್ಡ್ ತೆಗೆದುಕೊಂಡದ್ದು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದು – ಒಂದನ್ನೂ ಮುಚ್ಚಿಡಬೇಡಿ. ಇಂಥವರನ್ನು ವೈದ್ಯರೇ ಎದುರಿಗೆ ನೋಡಬೇಕು.

ಪ್ರಶ್ನೆ: ವಿಡಿಯೋ ಕರೆಯಲ್ಲಿ ಕಾಲಿನ ಬಲ ಗೊತ್ತಾಗುತ್ತದೆಯೇ?
– ಓದುಗರು, ಗೋಣಿಕೊಪ್ಪ

ಉತ್ತರ: ಸ್ವಲ್ಪಮಟ್ಟಿಗೆ. ಫೋನನ್ನು ಮೊಣಕಾಲಿನ ಎತ್ತರಕ್ಕೆ, ಸುಮಾರು 2 ಮೀಟರ್ ದೂರದಲ್ಲಿ ಸ್ಟೂಲಿನ ಮೇಲಿಡಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದರೆ ಕಾಲು ಕಪ್ಪಾಗಿ ಕಾಣುತ್ತದೆ, ಎದುರಿನಿಂದ ಬರಲಿ. ಪ್ಯಾಂಟನ್ನು ಮೊಣಕಾಲ ತನಕ ಮಡಚಿ. ಬೀಳದಂತೆ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಮುಂಗಾಲು ನೆಲಕ್ಕೆ ಕುಸಿದರೆ ಹೆಚ್ಚಾಗಿ ಸೊಂಟದಿಂದ ಕಾಲಿಗೆ ಇಳಿಯುವ ಎಲ್4 ಅಥವಾ ಎಲ್5 ನರದ ದೌರ್ಬಲ್ಯ. ನಂತರ ಮೇಜು ಹಿಡಿದು, ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸಿ, 10 ಸಲ. ಒಂದು ಕಾಲು ಬೇಗ ಸೋತರೆ ಅದರ ಕೆಳಗಿನ ಎಸ್1 ನರದ ಕಡೆ ಅನುಮಾನ. ನೆಟ್‌ವರ್ಕ್ ತಡೆದು ತಡೆದು ಬಂದರೆ ಈ ಸೋಲು ಕಣ್ಣಿಗೆ ಬೀಳುವುದಿಲ್ಲ. ಆಗ ಇದನ್ನೇ ರೆಕಾರ್ಡ್ ಮಾಡಿ ಕಳಿಸಿ. ಪಾದ ಎತ್ತಲಾಗದಿದ್ದರೆ, ಅಥವಾ ಬಲ ದಿನದಿನಕ್ಕೆ ಕುಗ್ಗುತ್ತಿದ್ದರೆ, ಫೋನು ಬಿಟ್ಟು ಅಂದೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಕಾಫಿ ಚೀಲ ಎತ್ತಿ ಸೊಂಟ ಹಿಡಿದಿದೆ. ಮೊದಲೇ ಎಂಆರ್‌ಐ ಮಾಡಿಸಿಬಿಡಲೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಮೇಲೆ ಹೇಳಿದ ಯಾವ ಲಕ್ಷಣವೂ ಇಲ್ಲದಿದ್ದರೆ ಈಗ ಬೇಡ. ನೋವೇ ಇಲ್ಲದ 40ರ ಪ್ರಾಯದವರಲ್ಲೂ ಸುಮಾರು ಅರ್ಧದಷ್ಟು ಜನರ ಸ್ಕ್ಯಾನಿನಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುವುದು ಕಾಣುತ್ತದೆ. ಅದನ್ನು ಓದಿ ಹೆದರಿ ಮಲಗಿದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ. ಅಂಗಳದಲ್ಲಿ ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ನಡೆಯಿರಿ, 50 ಕಿಲೋ ಚೀಲ ಮಾತ್ರ ಮುಟ್ಟಬೇಡಿ. ಆರು ವಾರವಾದರೂ ನೋವು ತಗ್ಗದಿದ್ದರೆ, ಅಥವಾ ಕಾಲಿಗೆ ಇಳಿದು ಹೆಚ್ಚುತ್ತಿದ್ದರೆ, ವೈದ್ಯರನ್ನು ಕಾಣಿ. ಸ್ಕ್ಯಾನ್ ಬೇಕೋ ಬೇಡವೋ ಎಂದು ಅವರು ನೋಡಿ ಹೇಳುತ್ತಾರೆ.