ಯುದ್ಧ ನಿಂತಿತು, ತುರ್ತುಪರಿಸ್ಥಿತಿ ನಿಲ್ಲಲಿಲ್ಲ

ಯುದ್ಧಕಾಲದ ವಿಶೇಷ ಅಧಿಕಾರಗಳು ಯುದ್ಧ ಮುಗಿದೊಡನೆ ತಾವಾಗಿಯೇ ರದ್ದಾಗುವುದಿಲ್ಲವೇ ಎಂದು, ಪ್ರಬಂಧ ಬರೆಯುತ್ತಿರುವ ನೀವು ಚಿಂತಾಮಣಿಯಿಂದ ಕೇಳಿದ್ದೀರಿ. ಇಲ್ಲ. ನಮ್ಮ ದೇಶದಲ್ಲಿ ಹಾಗೆ ಆಗಲೇ ಇಲ್ಲ.

ಚೀನಾ ಯುದ್ಧ 1962ರ ನವೆಂಬರಿನಲ್ಲಿ ನಿಂತಿತು. ಅಕ್ಟೋಬರ್ 26ರಂದು ಘೋಷಿಸಿದ್ದ ತುರ್ತುಪರಿಸ್ಥಿತಿ ತೆರವಾದದ್ದು 1968ರ ಜನವರಿಯಲ್ಲಿ. ನಡುವೆ 1965ರ ಯುದ್ಧ ಬಂದಿತ್ತು, ನಿಜ. ಆದರೆ ಚೀನೀ ಮೂಲದ ಸಾವಿರಾರು ಮಂದಿಯನ್ನು, ಹಸುಗೂಸುಗಳ ಸಮೇತ, ರಾಜಸ್ಥಾನದ ದೇವಲಿ ಶಿಬಿರದಲ್ಲಿ ವಿಚಾರಣೆಯಿಲ್ಲದೆ ಕೂಡಿಹಾಕಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

1971ರ ಯುದ್ಧ ಡಿಸೆಂಬರ್ 3ರಿಂದ 16ರವರೆಗೆ ನಡೆಯಿತು, ಅಷ್ಟೇ. ಆಗಿನ ಘೋಷಣೆ ಮಾತ್ರ 1977ರ ಮಾರ್ಚ್‌ವರೆಗೂ ಉಳಿಯಿತು. 1975ರ ಜೂನ್‌ನಲ್ಲಿ ಬಂದದ್ದು ಅದರ ಮೇಲೆ ಹೇರಿದ ಎರಡನೆಯದು! ವಿಚಾರಣೆಯಿಲ್ಲದೆ ಬಂಧಿಸಿಡಲು ಅವಕಾಶ ಕೊಟ್ಟ ಮೀಸಾ (ಆಂತರಿಕ ಭದ್ರತಾ ನಿರ್ವಹಣಾ) ಕಾಯ್ದೆಯೂ 1971ರದ್ದೇ.

ಶಿರಾ ಬಳಿಯ ನಮ್ಮ ದೊಡ್ಡಪ್ಪನವರನ್ನು ಹಿಡಿದೊಯ್ದದ್ದು ಅದೇ ಮೀಸಾದಲ್ಲಿ. ಜೈಲಿನಿಂದ ಅವರು ಬರೆದ ಅಂಚೆ ಕಾರ್ಡು ಈಗಲೂ ನಮ್ಮ ಟ್ರಂಕಿನಲ್ಲಿದೆ. ಎರಡು ಸಾಲುಗಳ ಮೇಲೆ ಜೈಲಿನವರು ಕಪ್ಪು ಶಾಯಿ ಬಳಿದಿದ್ದಾರೆ. ಉಳಿದದ್ದು "ಹಸು ಕರು ಹಾಕಿತೇ?" ಎಂಬ ಪ್ರಶ್ನೆ. ಓದು ಬಾರದ ಅಜ್ಜಿ ಆ ಕಪ್ಪಿನ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದರು.

ಸಂವಿಧಾನದ 1978ರ 44ನೇ ತಿದ್ದುಪಡಿ ಕೆಲವು ಬಾಗಿಲುಗಳನ್ನು ಭದ್ರವಾಗಿ ಮುಚ್ಚಿತು. ಈಗ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಯುವ 21ನೇ ವಿಧಿಯ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ. ಘೋಷಣೆ ಮುಂದುವರಿಯಬೇಕಾದರೆ ಆರು ತಿಂಗಳಿಗೊಮ್ಮೆ ಸಂಸತ್ತು ಒಪ್ಪಬೇಕು. ಆದರೆ ಮುನ್ನೆಚ್ಚರಿಕೆ ಬಂಧನಕ್ಕೆ, ಅಂದರೆ ಅಪರಾಧ ಮಾಡಬಹುದೆಂಬ ಶಂಕೆಯ ಮೇಲೆ ಮೊದಲೇ ಹಿಡಿದಿಡುವುದಕ್ಕೆ, 22ನೇ ವಿಧಿ ಶಾಂತಿಕಾಲದಲ್ಲೂ ಅವಕಾಶ ಕೊಡುತ್ತದೆ. ನಿಮ್ಮ ಪ್ರಬಂಧದಲ್ಲಿ ಅದನ್ನು ದಯವಿಟ್ಟು ಬಿಡಬೇಡಿ.