ಸಂಪಾದಕರ ಉತ್ತರ: ಸುಡಾನ್ ಎಲ್ಲಿದೆ ಅಂತ ಕೇಳಿದ್ದೀರಿ

ಹುಣಸೂರಿನ ಓದುಗರೊಬ್ಬರ ಪತ್ರದಿಂದ: "ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಲೋಕದ ದೇಶಗಳಿಗಾಗಿ ಪ್ರಾರ್ಥನೆ ಇರುತ್ತದೆ. ಉಕ್ರೇನ್, ಗಾಜಾ, ಸುಡಾನ್, ಮ್ಯಾನ್ಮಾರ್ ಅಂತ ಒಬ್ಬರು ಹೆಸರು ಓದುತ್ತಾರೆ. ನಾವು 'ಕರ್ತನೇ, ನಮ್ಮ ಪ್ರಾರ್ಥನೆ ಕೇಳು' ಅನ್ನುತ್ತೇವೆ. ಹೋದ ವಾರ ಆರಾಧನೆ ಮುಗಿದ ಮೇಲೆ ಓದಿದವರನ್ನೇ ಕೇಳಿದೆ, ಈ ಸುಡಾನ್ ಎಲ್ಲಿದೆ ಅಂತ. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಮಗನಿಗೆ ಎರಡು ವರ್ಷದಿಂದ ಕೆಲಸ ಇಲ್ಲ. ಮನೆಯದೇ ಇಷ್ಟಿರುವಾಗ ಕಾಣದ ದೇಶಕ್ಕೆ ಪ್ರಾರ್ಥಿಸಿ ಏನು ಬಂತು? ದೇವರಿಗೆ ಸುದ್ದಿ ನಾವು ಹೇಳಬೇಕಾ?"

ಪ್ರಿಯ ಸಹೋದರಿ, ವಂದನೆಗಳು.

ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ 'ಪ್ರಾರ್ಥನಾ ವಿಷಯಗಳು' ಅಂತ ಬರುತ್ತದಲ್ಲ, ಅದಕ್ಕೆ ದೇಶಗಳ ಹೆಸರು ಸೇರಿಸುವವನು ನಾನೇ. ಪುಟದಲ್ಲಿ ಜಾಗ ಉಳಿದರೆ ಎರಡು ದೇಶ ಜಾಸ್ತಿ. ಕಡೇ ಗಳಿಗೆಯಲ್ಲಿ ಜಾಹೀರಾತು ಬಂದರೆ ಎರಡು ದೇಶ ಕಮ್ಮಿ. ಹಾಗಾಗಿ ನಿಮ್ಮ ದೂರು ನನ್ನ ಮೇಲೂ ಇದೆ ಅಂತಲೇ ತಿಳಿದುಕೊಂಡಿದ್ದೇನೆ. ಸುಮ್ನೆ ಹೆಸರು ಓದಿ ಮುಂದೆ ಹೋಗುವುದು ಹಾಜರಿ ಕರೆದ ಹಾಗೆ. ಮೇಷ್ಟ್ರು ತಲೆ ಎತ್ತಿ ಮಕ್ಕಳ ಮುಖವನ್ನೂ ನೋಡುವುದಿಲ್ಲ.

ಹಾಗಂತ ಬಿಟ್ಟುಬಿಡೋಣ ಅಂದರೆ ನಾನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮೊದಲು ಎಲ್ಲ ಮನುಷ್ಯರಿಗಾಗಿ, ಅರಸರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಆಗ ಅರಸ ಅಂದರೆ ರೋಮಿನ ಚಕ್ರವರ್ತಿ, ಸಭೆಗೆ ಸ್ನೇಹಿತನೇನಲ್ಲ. ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರವೂ ಅದೇ ಧಾಟಿಯದು: ನಿಮ್ಮನ್ನು ಒಯ್ದಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ.

ನನಗೆ ಹೆಚ್ಚು ನಾಟುವುದು ಮಾತ್ರ ಯೋನನ ಕಥೆ. ಮೀನಿನ ಹೊಟ್ಟೆಯವರೆಗೆ ಭಾನುವಾರದ ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಕೊನೆಯ ಅಧ್ಯಾಯ ಯಾರೂ ಹೇಳಿಕೊಡುವುದಿಲ್ಲ. ಶತ್ರುಗಳ ಊರು ನಿನೆವೆ ಉಳಿದುಕೊಂಡಿತು ಅಂತ ಯೋನ ಮುನಿಸಿಕೊಂಡು ಊರಾಚೆ ಕೂತಿದ್ದಾನೆ. ದೇವರು ಕೇಳುತ್ತಾರೆ: ಬಲಗೈ ಯಾವುದು ಎಡಗೈ ಯಾವುದು ಅಂತಲೂ ತಿಳಿಯದ 1,20,000ಕ್ಕೂ ಹೆಚ್ಚು ಜನ ಆ ಊರಲ್ಲಿದ್ದಾರೆ, ಬೇಕಾದಷ್ಟು ದನಕರುಗಳೂ ಇವೆ, ನನಗೆ ಕನಿಕರ ಬೇಡವಾ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ. ದನಕರುಗಳನ್ನೂ ಲೆಕ್ಕಕ್ಕೆ ಹಿಡಿದ ದೇವರಿಗೆ ನಾವು ಸುದ್ದಿ ಹೇಳಬೇಕಿಲ್ಲ, ಸಹೋದರಿ. ಸುದ್ದಿ ಗೊತ್ತಿಲ್ಲದವರು ನಾವು.

ಇದು ವಿಲಿಯಂ ಕೇರಿಗೆ ಗೊತ್ತಿತ್ತು ಅನ್ನಿಸುತ್ತದೆ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬೂಟು ಹೊಲಿಯುತ್ತಿದ್ದವರು. ಕೆಲಸ ಮಾಡುವ ಜಾಗದ ಗೋಡೆಗೆ ಒಂದು ದೊಡ್ಡ ನಕ್ಷೆ ಹಾಕಿಕೊಂಡಿದ್ದರು. ಕೊಂಡು ತಂದದ್ದಲ್ಲ, ಹಲವು ಹಾಳೆ ಅಂಟಿಸಿ ತಾವೇ ಮಾಡಿಕೊಂಡದ್ದು. ಒಂದೊಂದು ದೇಶಕ್ಕೂ ಪೆನ್ನಿನಲ್ಲಿ ಜಾಗ ಗುರುತು ಮಾಡಿ, ಅಲ್ಲಿ ಎಷ್ಟು ಜನ, ಯಾವ ಧರ್ಮ ಅಂತ ಓದುವಾಗ ಸಿಕ್ಕಿದ್ದನ್ನೆಲ್ಲ ತುಂಬಿಸುತ್ತಿದ್ದರಂತೆ. ಕಣ್ಣಾರೆ ಕಂಡ ಸ್ನೇಹಿತ ಆಂಡ್ರ್ಯೂ ಫುಲ್ಲರ್ ಇದನ್ನು ಬರೆದಿಟ್ಟಿದ್ದಾರೆ. ಅದೇ ಜಿಲ್ಲೆಯ ಬ್ಯಾಪ್ಟಿಸ್ಟ್ ಸಭೆಗಳು 1784ರಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಗಂಟೆ ಲೋಕಕ್ಕಾಗಿ ಪ್ರಾರ್ಥಿಸಲು ಶುರು ಮಾಡಿದ್ದವು. ಕೇರಿ 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದರು. 1817ರಲ್ಲಿ ಅಲ್ಲಿನ ಶ್ರೀರಾಮಪುರದ ಅಚ್ಚುಕೂಟದಿಂದ ಅವರದೊಂದು ಕನ್ನಡ ವ್ಯಾಕರಣವೂ ಹೊರಬಂತು. ಮೊದಲು ಬಂದದ್ದು ಗೋಡೆಯ ಮೇಲಿನ ಆ ಹಾಳೆ.

ಇನ್ನು ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ನಿಮ್ಮ ಸ್ತ್ರೀಯರ ಕೂಟದಲ್ಲೂ ಮಾಡುತ್ತಿರಬಹುದು. ಅಮೆರಿಕದ ಹೆಂಗಸರು 1887ರಲ್ಲಿ ಹಚ್ಚಿದ ದೀಪ ಅದು. 1927ರಿಂದ ಲೋಕದ್ದೆಲ್ಲ ಆಯಿತು. ಅದರ ಪದ್ಧತಿ ನನಗೆ ಬಹಳ ಇಷ್ಟ. ಪ್ರತಿ ವರ್ಷ ಒಂದು ದೇಶದ ಹೆಂಗಸರೇ ಕೂತು ಆರಾಧನೆಯ ಕ್ರಮ ಬರೆಯುತ್ತಾರೆ. ನೂರಕ್ಕೂ ಹೆಚ್ಚು ದೇಶಗಳ ಸಭೆಗಳು ಅದನ್ನೇ ಓದುತ್ತವೆ. ಅಂದರೆ ಅವರ ಬಗ್ಗೆ ನಾವು ಊಹಿಸಿಕೊಂಡು ಪ್ರಾರ್ಥಿಸುವುದಲ್ಲ, ಅವರ ಮಾತಿನಲ್ಲೇ ಅವರಿಗಾಗಿ ಪ್ರಾರ್ಥಿಸುವುದು.

2021ರಲ್ಲಿ ವನುವಾಟು ದೇಶದ ಸರದಿ. ಪೆಸಿಫಿಕ್ ಸಾಗರದಲ್ಲಿ ಸುಮಾರು ಎಂಬತ್ತು ದ್ವೀಪಗಳ ಪುಟ್ಟ ದೇಶ. ನಮ್ಮ ಸಭೆಯಲ್ಲಿ ಅವತ್ತು ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದೆವು. ಗೋಡೆಗೆ ಒಂದು ಕಲರ್ ಜೆರಾಕ್ಸ್ ಅಂಟಿಸಿದ್ದರು. ಅಲ್ಲಿನ ಕಲಾವಿದೆ ಜೂಲಿಯೆಟ್ ಪಿಟಾ ಬರೆದ ಚಿತ್ರ. 2015ರ ಮಾರ್ಚ್ 13ರ ಪಾಮ್ ಚಂಡಮಾರುತ. ತಾಯಿಯೊಬ್ಬಳು ಮಗುವಿನ ಮೇಲೆ ಬಗ್ಗಿ ಕೂತಿದ್ದಾಳೆ, ಅಲೆ ಅವಳ ಮೇಲೆ ಮುರಿದು ಬೀಳುತ್ತಿದೆ, ಒಂದು ಮರ ಅವಳ ಮೇಲೆ ಬಾಗಿದೆ. ಹಿಂದೆ ಸತ್ತವರ ನೆನಪಿಗೆ ಸಣ್ಣ ಸಣ್ಣ ಶಿಲುಬೆಗಳು.

ನಮ್ಮ ಸಭೆಯಲ್ಲಿ ತಿಪಟೂರು ಕಡೆಯ ಒಬ್ಬ ಅಜ್ಜಿ ಇದ್ದಾರೆ. ಎದ್ದು ಹತ್ತಿರ ಹೋಗಿ ನೋಡಿದರು. "ಇದು ತೆಂಗಿನ ಮರ ಅಲ್ವಾ?" ಅಂದರು. ಇರಬೇಕು ಅಜ್ಜಿ, ಅಂದೆವು. "ಮರ ಉರುಳಿದರೆ ಹೊಸ ಸಸಿ ಫಸಲಿಗೆ ಬರೋಕೆ ಐದಾರು ವರ್ಷ ಬೇಕು. ಅಲ್ಲೀವರೆಗೆ ಆ ಜನ ಏನು ತಿಂದರೋ!" ಅವತ್ತು ಅಚ್ಚಾದ ಕ್ರಮದಲ್ಲಿ ಇಲ್ಲದ ಪ್ರಾರ್ಥನೆಯೊಂದನ್ನು ಅಜ್ಜಿ ಸೇರಿಸಿದರು. ವನುವಾಟು ಅನ್ನೋ ಹೆಸರು ಮಾತ್ರ ಅವರ ಬಾಯಿಗೆ ಬರಲೇ ಇಲ್ಲ. 'ತೆಂಗಿನ ದೇಶ' ಅಂದುಬಿಟ್ಟರು. ಆಮೇಲೂ ಹಾಗೆಯೇ. 2024ರ ಡಿಸೆಂಬರ್ 17ರಂದು ಆ ದೇಶದ ರಾಜಧಾನಿ ಪೋರ್ಟ್ ವಿಲಾದ ಹತ್ತಿರ 7.3 ತೀವ್ರತೆಯ ಭೂಕಂಪ ಆಯಿತು. ನಾನು ನೋಡುವ ಮೊದಲೇ ಅಜ್ಜಿಯ ಫೋನ್: "ನಮ್ಮ ತೆಂಗಿನ ದೇಶದಲ್ಲಿ ಭೂಮಿ ನಡುಗಿತಂತೆ, ಕಟ್ಟಡ ಬಿದ್ದಿವೆಯಂತೆ. ನೀವು ನೋಡಿದ್ರಾ?" ನಮ್ಮ ಅಂದರು ನೋಡಿ.

ಇಷ್ಟು ಹೇಳಿ ಒಂದು ಕಷ್ಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ದೇಶಗಳಿಗಾಗಿ ಪ್ರಾರ್ಥನೆ ಅನ್ನುವುದು ಎಷ್ಟೋ ಸಲ 'ನಮ್ಮ ಕಡೆಯವರು ಗೆಲ್ಲಲಿ' ಅನ್ನುವುದಕ್ಕೆ ಇಳಿದುಬಿಡುತ್ತದೆ. 2024ರ ವಿಶ್ವ ಪ್ರಾರ್ಥನಾ ದಿನಕ್ಕೆ ಕ್ರಮ ಬರೆದವರು ಪ್ಯಾಲೆಸ್ಟೀನಿನ ಕ್ರೈಸ್ತ ಹೆಂಗಸರು. ಗಾಜಾ ಯುದ್ಧ ಶುರುವಾಗುವ ಮೊದಲೇ ಬರೆದಿದ್ದರು. ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಳ್ಳಿ ಅನ್ನುವ ಎಫೆಸದ ಪತ್ರದ ಮಾತು ಅದರ ವಿಷಯ. ಜರ್ಮನಿಯಲ್ಲಿ ದೊಡ್ಡ ತಕರಾರೇ ಎದ್ದು ಕ್ರಮವನ್ನು ತಿದ್ದಿದರು. ನಮ್ಮ ಮಂಗಳೂರು, ಉಡುಪಿ ಕಡೆ ನೋಡಿ. ಅಲ್ಲಿನ ಎಷ್ಟೋ ಕ್ರೈಸ್ತ ಮನೆಗಳವರು ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡಿ ಮನೆಗೆ ದುಡ್ಡು ಕಳಿಸುತ್ತಾರೆ. ಮಗಳು ಇಸ್ರೇಲಿನಲ್ಲಿರುವ ತಾಯಿಯ ಕೈಯಲ್ಲಿ ಪ್ಯಾಲೆಸ್ಟೀನಿನ ಹೆಂಗಸಿನ ಪ್ರಾರ್ಥನೆ! ಓದುವುದು ಸುಲಭ ಅಲ್ಲ. ಅಂಥ ಕಡೆಯೇ ಗಟ್ಟಿಯಾಗಿ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಯೋನನಿಗೆ ಬೇಡವಾಗಿದ್ದ ಪ್ರಾರ್ಥನೆ ಇದೇ ಅಲ್ವಾ?

ಪ್ರಯೋಜನ ಏನು ಅಂತ ಕೇಳಿದ್ದೀರಿ. ಲೆಕ್ಕ ತೋರಿಸುವ ವಿಷಯ ಇದಲ್ಲ. ಆಗ ಕಮ್ಯುನಿಸ್ಟರ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿಯ ಲೈಪ್ಸಿಗ್ ಊರಿನ ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಎಷ್ಟೋ ಸೋಮವಾರ ಬೆರಳೆಣಿಕೆಯ ಜನ. 1989ರ ಅಕ್ಟೋಬರ್ 9ರಂದು ಊರಿನ ಬೀದಿಗಳಲ್ಲಿ ಸರ್ಕಾರದ ವಿರುದ್ಧ ಸುಮಾರು 70,000 ಜನ ಸೇರಿದರು, ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. ಪ್ರಾರ್ಥನೆಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅಲ್ಲಿನ ಪಾಸ್ಟರ್ ಕ್ರಿಸ್ಟಿಯಾನ್ ಫ್ಯೂರರ್ ಹೇಳುತ್ತಿದ್ದ ಒಂದು ವಿಷಯ ಇದೆ. ಮೇಣದಬತ್ತಿ ಹಿಡಿದು ನಡೆಯುವವನಿಗೆ ಎರಡೂ ಕೈ ಬೇಕು. ಒಂದರಲ್ಲಿ ಬತ್ತಿ, ಇನ್ನೊಂದು ಗಾಳಿಗೆ ಅಡ್ಡ. ಕಲ್ಲು ಎತ್ತಲು ಕೈ ಖಾಲಿ ಇರುವುದಿಲ್ಲ.

ಮಗನ ಕೆಲಸದ ಪ್ರಾರ್ಥನೆ ಖಂಡಿತ ಬಿಡಬೇಡಿ. ಅದು ಸಣ್ಣದು ಅಂತ ಯಾರೂ ಹೇಳಿಲ್ಲ. ನಾವಂತೂ ಮುಂದಿನ ಸಂಚಿಕೆಯಿಂದ ಕೊನೆಯ ಪುಟದ ಪಟ್ಟಿ ನಿಲ್ಲಿಸುತ್ತೇವೆ. ತಿಂಗಳಿಗೆ ಒಂದೇ ದೇಶ, ಅರ್ಧ ಪುಟ, ಒಂದು ಸಣ್ಣ ನಕ್ಷೆ. ಜಾಹೀರಾತು ಬಂದರೂ ತೆಗೆಯುವುದಿಲ್ಲ. ಮೊದಲನೆಯದು ನಿಮ್ಮ ಸುಡಾನ್.

ಅಲ್ಲಿಯವರೆಗೆ ಇಷ್ಟು ಇಟ್ಟುಕೊಳ್ಳಿ. ನಕ್ಷೆಯಲ್ಲಿ ಈಜಿಪ್ಟಿನ ಕೆಳಗೆ ನೋಡಿ. ಬಿಳಿ ನೈಲ್, ನೀಲಿ ನೈಲ್ ಎರಡೂ ಸೇರುವ ಜಾಗದಲ್ಲಿ ರಾಜಧಾನಿ ಖಾರ್ಟೂಮ್. 2023ರ ಏಪ್ರಿಲ್ 15ರಂದು ಸೈನ್ಯಕ್ಕೂ ಒಂದು ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಪಶ್ಚಿಮದಲ್ಲಿ ಎಲ್ ಫಾಶರ್ ಅಂತ ಒಂದು ಊರಿದೆ. ಯುದ್ಧ ಶುರುವಾದ ವಾರ ನಮ್ಮ ಹಕ್ಕಿಪಿಕ್ಕಿ ಜನ ಕೆಲವರು ಆ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದರು, ನಾರು ಬೇರಿನ ಔಷಧ ಮಾರಲು ಹೋದವರು. 'ಆಪರೇಷನ್ ಕಾವೇರಿ' ಅಂತ ಸರ್ಕಾರ ಭಾರತೀಯರನ್ನು ವಾಪಸ್ ಕರೆತಂದಿತು. ಎಲ್ ಫಾಶರ್ ಒಂದೂವರೆ ವರ್ಷ ಮುತ್ತಿಗೆಯಲ್ಲಿದ್ದು 2025ರ ಅಕ್ಟೋಬರ್‌ನಲ್ಲಿ ಆ ಪಡೆಯ ಕೈಗೆ ಬಿತ್ತು.

ಆ ಹಕ್ಕಿಪಿಕ್ಕಿ ಜನರಲ್ಲಿ ನಿಮ್ಮ ಹುಣಸೂರು ತಾಲೂಕಿನವರೂ ಇದ್ದರು. ಪಕ್ಷಿರಾಜಪುರ ನಿಮಗೆ ದೂರವೇನಲ್ಲ. ಒಂದು ದಿನ ಹೋಗಿ ಕೇಳಿ, ಸುಡಾನ್ ಹೇಗಿತ್ತು ಅಂತ. ಅವರು ಹೇಳಿದ್ದನ್ನು ಬರೆದು ಕಳಿಸಿ. ಆ ಅರ್ಧ ಪುಟ ಖಾಲಿ ಇಟ್ಟುಕೊಂಡಿರುತ್ತೇನೆ.

— ಸಂಪಾದಕ